ಸೀಳುವ ತೂತಿಗೆ ಹಿಡಿಯುವ ಬೋಲ್ಟು

ಬೋಲ್ಟಿನ ವಿಷಯದಲ್ಲಿ ನನ್ನನ್ನು ಕೇಳದೆ ಪಾವಗಡದ ಕಡೆ ಒಂದು ಹುಲ್ಲುಕಡ್ಡಿಯೂ ಅಲ್ಲಾಡುವುದಿಲ್ಲ ಎಂದು ನಾನು ನಂಬಿದ್ದ ಕಾಲವೊಂದಿತ್ತು. ವಳ್ಳೂರು, ಬಲಸಮುದ್ರದ ಸುತ್ತ ಸೋಲಾರ್ ಕೆಲಸಗಳಲ್ಲಿ ಯಾವ ಕಂಬಕ್ಕೆ ಯಾವ ಬೋಲ್ಟು, ಎಷ್ಟು ದಪ್ಪ, ಎಷ್ಟು ಆಳ ಎಂದು ಬರೆದು ಸಹಿ ಹಾಕುವುದು ನನ್ನ ಉದ್ಯೋಗ. ಬ್ಯಾಗಿನಲ್ಲಿ ಯಾವಾಗಲೂ ಕ್ಯಾಟಲಾಗು ಇರುತ್ತಿತ್ತು. ಮದುವೆ ಮನೆಗೆ ಹೋದರೂ ಚಪ್ಪರದ ಕಂಬ ಅಲ್ಲಾಡಿಸಿ, "ಬುಡದಲ್ಲಿ ಹಿಡಿತ ಸಾಲದು" ಎನ್ನುತ್ತಿದ್ದೆ. ಊಟಕ್ಕೆ ಕೂತಾಗ ನೆಂಟರು ನನ್ನ ಪಕ್ಕದ ಎಲೆ ಬಿಟ್ಟು ಆಚೆಯ ಎಲೆಗೆ ಹೋಗುತ್ತಿದ್ದರು.

ನಮ್ಮೂರು ಮಧುಗಿರಿಗೂ ಕೊರಟಗೆರೆಗೂ ನಡುವೆ, ಒಂದು ಬೋಳು ಬಂಡೆಗುಡ್ಡದ ಬುಡದಲ್ಲಿದೆ. ಗುಡ್ಡದ ಮೇಲೆ ಗುಡಿ. ಅಮ್ಮ ಮದುವೆಯಾಗಿ ಬಂದಾಗಿನಿಂದ ಪ್ರತಿ ಶನಿವಾರ ಅಲ್ಲಿಗೆ ಹತ್ತಿದವಳು. ಎರಡು ವರ್ಷದ ಹಿಂದೆ ಇಳಿಯುವಾಗ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. ಶನಿವಾರ ಬಂತೆಂದರೆ ಜಗುಲಿಯ ಮೇಲೆ ಕೂತು ಗುಡ್ಡವನ್ನೇ ನೋಡುತ್ತಿದ್ದಳು.

"ಕೈಗೆ ಒಂದು ಕಂಬಿ ಅಂತ ಇದ್ದಿದ್ರೆ ಹೆಂಗೋ ಹತ್ಬುಡ್ತಿದ್ದೆ ಕಣ್ಲಾ" ಎಂದಳು ಒಂದು ದಿನ.

ಮಗ ಬೋಲ್ಟಿನ ಪಂಡಿತ, ಇನ್ನೇನು ಬೇಕು? ಮೆಟ್ಟಿಲ ಉದ್ದಕ್ಕೂ ಕಬ್ಬಿಣದ ಕಂಬಿ ಹಾಕಿಸುತ್ತೇನೆ ಎಂದು ಮಾತು ಕೊಟ್ಟೆ.

ಗುಡಿಯ ಕಮಿಟಿ ಒಂದೇ ಸಭೆಯಲ್ಲಿ ಒಪ್ಪಿತು. ಎರಡನೆಯ ಸಭೆ ಫ್ಲೆಕ್ಸಿನಲ್ಲಿ ಯಾರ ಫೋಟೋ ಎಷ್ಟು ದೊಡ್ಡದಿರಬೇಕು ಎಂಬುದಕ್ಕೆ ನಡೆಯಿತು. ಮೂರನೆಯದರಲ್ಲಿ ತೊಡಕು ಬಂತು. ಆ ಬಂಡೆಗೆ ಹೊಸದಾಗಿ ತೂತು ಕೊರೆಯಬೇಕಾದರೆ ದೇವರ ಅಪ್ಪಣೆ ಬೇಕು, ಹೂವು ಬಲಗಡೆಗೆ ಬೀಳಬೇಕು.

"ಎಡಕ್ಕೆ ಬಿದ್ರೆ ಏನ್ ಮಾಡ್ತೀರಾ ಸಾರ್?" ಎಂದರು ಅಧ್ಯಕ್ಷರು. ಕ್ಯಾಟಲಾಗಿನಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ದಾರಿಯನ್ನೂ ಅವರೇ ತೋರಿಸಿದರು. ಮೆಟ್ಟಿಲ ಪಕ್ಕದಲ್ಲೇ, ಬಂಡೆಯ ಅಂಚಿಗುಂಟ, ಗೇಣಿಗೊಂದರಂತೆ ತೂತುಗಳ ಸಾಲೊಂದಿತ್ತು. ಯಾವ ಕಾಲದಲ್ಲೋ ಯಾರೋ ಮಷೀನಿನಲ್ಲಿ ಕೊರೆದು ಅರ್ಧಕ್ಕೆ ಬಿಟ್ಟು ಹೋಗಿದ್ದರು. ದಾರ ಹಿಡಿದು ಎಳೆದ ಹಾಗೆ ನೆಟ್ಟಗಿತ್ತು. "ರೆಡಿಮೇಡ್ ತೂತು ಸಾರ್. ದೇವರನ್ನ ಕೇಳೋ ಗೋಜೇ ಇಲ್ಲ" ಎಂದರು.

ನಾನು ಕುಣಿದಾಡಿಬಿಟ್ಟೆ. ಯಾವ ಎಂಜಿನಿಯರೇ ಆಗಲಿ, ಮೊದಲು ಭಾರ ಲೆಕ್ಕ ಹಾಕಿ, ಆಮೇಲೆ ಬೋಲ್ಟು ಆರಿಸಿ, ಕೊನೆಗೆ ತೂತು ಕೊರೆಸಬೇಕು. ನಾನು ತೂತಿನೊಳಗೆ ಬೆರಳು ಹಾಕಿ ಅಳತೆ ತೆಗೆದುಕೊಂಡು, ಅದಕ್ಕೆ ಹೊಂದುವ ಬೋಲ್ಟು ಹುಡುಕಿ, ಆ ಬೋಲ್ಟಿಗೆ ಹೊಂದುವ ಭಾರವನ್ನು ಕಂಬಿಯ ಮೇಲೆ ಹೊರಿಸಿ ಲೆಕ್ಕ ಮುಗಿಸಿದೆ. ಅಂಚಿನಿಂದ ಇಷ್ಟು ದೂರ ಇರಬೇಕು, ಒಂದಕ್ಕೊಂದು ಇಷ್ಟು ದೂರ ಇರಬೇಕು ಎಂದು ಕ್ಯಾಟಲಾಗಿನಲ್ಲಿ ಒಂದು ಪುಟವೇ ಇದೆ. ಕೈಕೆಳಗಿನವರಿಗೆ ಆ ಪುಟವನ್ನು ನಾನೇ ಎಷ್ಟೋ ಸಲ ಪಾಠ ಮಾಡಿದ್ದೇನೆ. ಇದು ಅಪ್ಪಟ ಕರಿಬಂಡೆ, ಇದಕ್ಕೇನಾಗುತ್ತದೆ ಎಂದು ಪುಟ ತಿರುವಿದೆ.

ಬೋಲ್ಟು ತರಲು ಸಿರಾಕ್ಕೆ ಹೋದೆ. ಅಂಗಡಿಯ ಸಾಹೇಬರು ನಾನು ಬರೆದ ಚೀಟಿ ಓದಲೇ ಇಲ್ಲ. "ಹಿಡಿದ್ರೆ ಬಿಡಲ್ಲ ಸಾರ್, ಪಕ್ಕಾ ಮಾಲು. ಟೈಟ್ ಮಾಡಿದಷ್ಟೂ ಒಳಗೆ ಉಬ್ಬುತ್ತೆ" ಎಂದರು. ನಿಜ, ಆ ಬೋಲ್ಟಿನ ಗುಣವೇ ಅದು. ನಟ್ಟು ಬಿಗಿದಂತೆ ಅದರ ತುದಿಯ ಕೊಳವೆ ಅಗಲವಾಗಿ ತೂತಿನ ಗೋಡೆಯನ್ನು ಒತ್ತಿ ಹಿಡಿಯುತ್ತದೆ.

ಕೆಲಸದ ದಿನ ಫ್ಲೆಕ್ಸು ಮೊದಲು ನಿಂತಿತು. ಅದರಲ್ಲಿ ನನ್ನ ಮುಖವೂ ಇತ್ತು. ಮೊದಲನೆಯ ಕಂಬ ಬಿಗಿದದ್ದಾಯಿತು, ಎರಡನೆಯದೂ ಆಯಿತು. ಮೂರನೆಯದನ್ನು ನಾನೇ ಬಿಗಿಯಬೇಕೆಂದು ಅಧ್ಯಕ್ಷರು ಸ್ಪ್ಯಾನರ್ ಕೈಗೆ ಕೊಟ್ಟರು. ಮೊಬೈಲುಗಳು ಎದ್ದವು. ನಾನು ಹಲ್ಲು ಕಚ್ಚಿ ಕೊನೆಯ ಸುತ್ತು ಎಳೆದೆ.

ಬಂಡೆ ಒಳಗಿನಿಂದ ಟಕ್ ಎಂದಿತು. ತೂತಿನಿಂದ ತೂತಿಗೆ ಕೂದಲೆಳೆಯಷ್ಟು ಗೆರೆ ಓಡಿತು. ನೋಡನೋಡುತ್ತಿದ್ದಂತೆ ಎತ್ತಿನಗಾಡಿ ಉದ್ದದ ಕಲ್ಲೊಂದು, ಮೂರು ಕಂಬಗಳ ಸಮೇತ, ಮೆಲ್ಲಗೆ ಆಚೆಗೆ ಮಗುಚಿಕೊಂಡಿತು. ಕೆಳಗೆ ಕುರುಚಲು ಗಿಡ ಬಿಟ್ಟರೆ ಯಾರೂ ಇರಲಿಲ್ಲ. ಸ್ಪ್ಯಾನರ್ ನನ್ನ ಕೈಯಲ್ಲೇ ಇತ್ತು.

"ಒಳ್ಳೇದೇ ಆಯ್ತು ಬುಡಿ, ಕೂರೋಕೆ ಒಂದು ಬೆಂಚಾಯ್ತು" ಎಂದರು ಅಧ್ಯಕ್ಷರು.

ಮನೆಗೆ ಬಂದು ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅಮ್ಮನ ತವರಿನವರು ಕಲ್ಲು ಒಡೆಯುವವರು. ಮದುವೆಯಾಗುವವರೆಗೆ ಅವಳೂ ತನ್ನ ಅಪ್ಪನ ಜೊತೆ ಉಳಿ ಹಿಡಿದವಳು. ನನಗೆ ಗೊತ್ತಿಲ್ಲದ ವಿಷಯವಲ್ಲ, ಆಫೀಸಿನಲ್ಲಿ ಹೇಳಿಕೊಳ್ಳದ ವಿಷಯ.

"ಸಾಲು ತೂತಾ? ಗೇಣಿಗೊಂದಾ?" ಎಂದಳು. "ಲೇ, ಅದು ಕಲ್ಲು ಸೀಳಕ್ಕೆ ಕೊರ್ದಿರೋ ತೂತು ಕಣ್ಲಾ. ಅದ್ರಲ್ಲಿ ಬೆಣೆ ಇಟ್ಟು ಹೊಡುದ್ರೆ ಬಂಡೆ ಎರಡು ಹೋಳು. ನೀನು ಬೆಣೆ ಬದ್ಲು ಬೋಲ್ಟ್ ಇಟ್ಟಿದ್ದೀಯ, ಅಷ್ಟೇಯ."

"ನಿನ್ನನ್ನ ಕೇಳಬೇಕು ಅಂತ ಹೊಳೀಲಿಲ್ಲಮ್ಮ."

"ಇಲ್ಲೇ ಕೂತಿದ್ನಲ್ಲೋ" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ, ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮಾರನೆಯ ವಾರ ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತು ಹತ್ತಿದೆವು. ದೇವರ ಮುಂದೆ ಕೂತೆವು. ಅರ್ಧ ಗಂಟೆ ಕಾಯಿಸಿ ಹೂವು ಬಲಕ್ಕೇ ಬಿತ್ತು. ಇಳಿಯುವಾಗ ಅಮ್ಮ ಕುರ್ಚಿಯನ್ನು ಅಲ್ಲಲ್ಲಿ ಇಳಿಸಿ ಎಂದು, ಕೂತಲ್ಲಿಂದಲೇ ಕೈಸುತ್ತಿಗೆಯಿಂದ ಬಂಡೆಯನ್ನು ಬಡಿಯುತ್ತಾ ಕಿವಿಗೊಟ್ಟು ಕೇಳಿದಳು. ಗಂಟೆಯ ಹಾಗೆ ಕಣಕಣ ಎಂದಲ್ಲಿ ಸುಣ್ಣದ ಬೊಟ್ಟು ಇಟ್ಟಳು. ದಬ್ ಎಂದಲ್ಲಿ, "ಬ್ಯಾಡ, ಒಳಗೆ ಬಿಟ್ಟುಕೊಂಡೈತೆ" ಎಂದು ಕುರ್ಚಿಯನ್ನು ಮುಂದಕ್ಕೆ ಹೊರಿಸಿದಳು. ಅವಳು ಬೊಟ್ಟಿಟ್ಟ ಜಾಗಗಳು ಅಂಚಿನಿಂದ ಎಷ್ಟು ದೂರ ಎಂದು ಟೇಪು ಹಿಡಿದೆ. ನಾನು ಲೆಕ್ಕಿಸದೆ ತಿರುವಿದ ಪುಟದಲ್ಲಿದ್ದ ಅಳತೆಗಿಂತ ಒಂದೂ ಕಡಿಮೆ ಇರಲಿಲ್ಲ. ಈ ಸಲ ಉಬ್ಬುವ ಬೋಲ್ಟು ಬೇಡವೆಂದು, ತೂತಿಗೆ ಅಂಟು ತುಂಬಿ ಸರಳು ನಿಲ್ಲಿಸುವ ಕೆಮಿಕಲ್ ಆಂಕರ್ ಬರೆದೆ. ಅದು ಕಲ್ಲನ್ನು ಒತ್ತುವುದಿಲ್ಲ. ಅಂಟು ಗಟ್ಟಿಯಾಗುವವರೆಗೆ ಯಾರನ್ನೂ ಮುಟ್ಟಗೊಡಲಿಲ್ಲ, ಅಧ್ಯಕ್ಷರನ್ನು ಕೂಡ.

ಕಂಬಿ ಮುಗಿದ ಮೊದಲ ಶನಿವಾರ ಅಮ್ಮ ತಾನೇ ಹತ್ತಿದಳು. ಒಂದೊಂದು ಕಂಬದ ಹತ್ತಿರವೂ ನಿಂತು ಉಸಿರು ತೆಗೆದುಕೊಂಡಳು. ಅವಳು ಮೈಭಾರ ಬಿಟ್ಟು ಒರಗಿದಾಗಲೆಲ್ಲ ನಾನು ಹಿಂದಿನಿಂದ ಎರಡೂ ಕೈ ಚಾಚುತ್ತಿದ್ದೆ. ಮೇಲೆ ಹೋಗಿ ಮಂಗಳಾರತಿ ತೆಗೆದುಕೊಂಡು ಗುಡಿಯ ಮುಂದೆ ಕೂತಳು. ಕಣ್ಣು ಒರೆಸಿಕೊಂಡಳು, ನಾನು ನೋಡದವನಂತೆ ಇದ್ದೆ.

ಇಳಿಯಲು ಎದ್ದಾಗ ಅಭ್ಯಾಸದಂತೆ ಅವಳ ಹಿಂದೆ ನಿಂತೆ.

"ಹಿಂದ್ಯಾಕ್ಲಾ? ನೀನು ಮುಂದೆ ನಡಿ" ಎಂದಳು. "ಕಂಬಿ ಕಿತ್ಕೊಂಡ್ರೆ ನಿನ್ ಮೇಲೇ ಬೀಳ್ತೀನಿ."

ಮುಂದೆ ನಡೆದೆ. ಕೆಳಗಿನ ಮೆಟ್ಟಿಲು ಮುಟ್ಟುವವರೆಗೂ ಪ್ರತಿ ಕಂಬದ ಬುಡವನ್ನೂ, ಪ್ರತಿ ನಟ್ಟನ್ನೂ ಬಗ್ಗಿ ಬಗ್ಗಿ ನೋಡಿದೆ. ಇಷ್ಟು ವರ್ಷ ಸಹಿ ಹಾಕಿದ್ದೇನೆ, ಒಂದು ಬೋಲ್ಟನ್ನೂ ಹಾಗೆ ನೋಡಿರಲಿಲ್ಲ.