ಬಸ್ಸು ಮುಂದೆ ಹೋಗುವ ತನಕ

ನಮ್ಮೂರು ಅರಸೀಕೆರೆಯಿಂದ ಹಾರನಹಳ್ಳಿಗೆ ಹೋಗುವ ರಸ್ತೆಯ ಮೇಲಿದೆ. ತೆಂಗಿನಕಾಯಿ ತುಂಬಿದ ಲಾರಿ, ಟೆಂಪೋ, ಹಳೇಬೀಡು ಬೇಲೂರು ನೋಡಲು ಹೊರಟವರ ಕಾರು, ಎಲ್ಲಕ್ಕೂ ಇದೇ ದಾರಿ. ಅರಸೀಕೆರೆ ಕಡೆಯಿಂದ ಬರುವ ಬಸ್ಸು ರಸ್ತೆಯ ಎಡಕ್ಕೆ ನಿಲ್ಲುತ್ತದೆ, ಊರಿರುವುದು ಬಲಕ್ಕೆ. ಸಂಜೆ ಬಸ್ಸಿಳಿದವರೆಲ್ಲ ರಸ್ತೆ ದಾಟಲೇಬೇಕು. ನಾನು ಅರಸೀಕೆರೆಯ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಮಗಳು ಆಗ ಅಲ್ಲಿಯೇ ಐದನೇ ತರಗತಿ ಓದುತ್ತಿದ್ದಳು. ಬೆಳಿಗ್ಗೆ ಒಟ್ಟಿಗೆ ಹೋಗುತ್ತಿದ್ದೆವು. ಸಂಜೆ ಅವಳು ಊರಿನ ಮಕ್ಕಳ ಜೊತೆ ನನಗಿಂತ ಮೊದಲೇ ಬರುತ್ತಿದ್ದಳು.

ಒಂದು ಸಂಜೆ ಅವಳು ಇಳಿದವಳೇ, ಇನ್ನೂ ನಿಂತಿದ್ದ ಬಸ್ಸಿನ ಮುಂದಿನಿಂದ ಓಡಿದಳು. ಹಿಂದಿನಿಂದ ಬಸ್ಸನ್ನು ದಾಟಿ ಬಂದ ಬೈಕೊಂದು ಅವಳಿಗೆ ಗುದ್ದಿತು. ಬೈಕಿನಲ್ಲಿದ್ದವನು ನಮ್ಮೂರಿನ ತೆಂಗಿನಕಾಯಿ ವ್ಯಾಪಾರಿಯ ಮಗ, ಪಿಯುಸಿ ಓದುವ ಹುಡುಗ. ಲೈಸೆನ್ಸ್ ಸಿಗುವ ವಯಸ್ಸೂ ಆಗಿರಲಿಲ್ಲ. ಕಚೇರಿಗೆ ಫೋನ್ ಬಂತು. ಅರಸೀಕೆರೆಯ ಆಸ್ಪತ್ರೆಯಲ್ಲಿ ನೋಡಿ, ತೊಡೆಯ ಮೂಳೆ ಮುರಿದಿದೆ, ಹಾಸನಕ್ಕೆ ಕರೆದೊಯ್ಯಿರಿ ಎಂದರು. ಆಂಬುಲೆನ್ಸಿನಲ್ಲಿ ಮಗಳು, "ನಾಳೆ ಗಣಿತದ ಟೆಸ್ಟು. ಮಿಸ್‌ಗೆ ಹೇಳಮ್ಮ" ಎಂದಳು. ಹೇಳುತ್ತೇನೆ ಎಂದೆ.

ಹಾಸನದಲ್ಲಿ ಆಪರೇಷನ್ ಆಗಿ ಮೂಳೆಗೆ ರಾಡ್ ಹಾಕಿದರು. ಪೊಲೀಸ್ ಕೇಸು ದಾಖಲಾಯಿತು. ಹುಡುಗನ ತಂದೆ ರಾಜಿ ಮಾಡಿಕೊಳ್ಳೋಣವೆಂದು ಊರಿನ ಹಿರಿಯರನ್ನು ಕಳಿಸಿದರು. ನನ್ನ ಗಂಡ ಬಾಗಿಲಲ್ಲೇ ಮಾತಾಡಿಸಿ ವಾಪಸ್ ಕಳಿಸಿದರು.

ಮಗಳನ್ನು ಮನೆಗೆ ಕರೆತಂದ ಮೇಲೆ, ಒಂದು ಮಧ್ಯಾಹ್ನ ಹುಡುಗನ ತಾಯಿ ಒಬ್ಬರೇ ಬಂದರು. ಒಂದೇ ಊರಾದರೂ ನಮಗೆ ಮುಖಪರಿಚಯ ಅಷ್ಟೇ. ಅವರ ಮನೆಯವರು ನಮ್ಮ ಬೀದಿಗೆ ಬಂದದ್ದನ್ನು ನಾನು ನೋಡಿರಲಿಲ್ಲ. ಗೋಡೆಯ ಮೇಲಿನ ಬುದ್ಧನ ಪಟವನ್ನು ಒಮ್ಮೆ ನೋಡಿ ಕುರ್ಚಿಯ ತುದಿಯಲ್ಲಿ ಕೂತರು. ಕುಡಿಯುತ್ತಾರೋ ಇಲ್ಲವೋ ಎಂಬ ಅನುಮಾನದಲ್ಲೇ ಕಾಫಿ ಕೊಟ್ಟೆ. ಕುಡಿದರು.

"ಕೇಸು ವಾಪಸ್ ತಗಳ್ಳಿ ಅಂತ ಕೇಳಕ್ಕೆ ಬಂದಿಲ್ಲ ಅಕ್ಕ. ಮಗೂನ ನೋಡ್ಬೇಕು ಅನ್ನಿಸ್ತು, ಬಂದೆ."

ಅವರು ಸಿಕ್ಕರೆ ಅನ್ನಬೇಕೆಂದುಕೊಂಡಿದ್ದ ಮಾತುಗಳು ಬಹಳ ಇದ್ದವು. ಕೇಳಿದ್ದು ಮಾತ್ರ, "ಬೈಕ್ ಈಗ ಎಲ್ಲಿದೆ?"

"ಸ್ಟೇಷನ್ನಾಗೈತೆ. ಬಿಡಿಸ್ಕಂಡು ತಂದ್ರೂ ಅವನ ಕೈಗೆ ಕೊಡಕ್ಕೆ ನಾನು ಬಿಡಲ್ಲ. ಅವರಪ್ಪ ಏನಾದ್ರೂ ಅನ್ಲಿ."

ಮಂಚದ ಮೇಲಿದ್ದ ಮಗಳು, "ಆಂಟಿ, ಆ ಅಣ್ಣಂಗೂ ಪೆಟ್ಟಾಯ್ತಾ?" ಎಂದಳು.

"ಕೈ ತರಚಿತ್ತು ಕಣವ್ವ. ವಾಸಿಯಾಯ್ತು" ಎಂದವರು ಮುಖವನ್ನು ಬಾಗಿಲ ಕಡೆ ತಿರುಗಿಸಿಕೊಂಡರು.

ಆಮೇಲೆ ಆಗಾಗ ಬರತೊಡಗಿದರು. ಒಮ್ಮೆ ಅವರನ್ನು ಕಳಿಸಲು ರಸ್ತೆಯವರೆಗೆ ಹೋಗಿದ್ದಾಗ ಸಂಜೆಯ ಬಸ್ಸು ಬಂತು. ಮಕ್ಕಳು ಇಳಿದು, ಬಸ್ಸಿನ ಮುಂದಿನಿಂದಲೇ ಒಬ್ಬರ ಹಿಂದೊಬ್ಬರು ಓಡಿದರು. ನನ್ನ ಮಗಳು ಬಿದ್ದದ್ದನ್ನು ಕಂಡವರೇ ಅವರು.

"ಕಣ್ಣಾರೆ ನೋಡಿದ ಮಕ್ಳೇ ಹೆಂಗ್ ಓಡ್ತಾವೆ ನೋಡಿ ಅಕ್ಕ" ಎಂದರು ಹುಡುಗನ ತಾಯಿ.

"ಬರೀ ಹೇಳಿದ್ರೆ ಸಾಲದು. ಯಾರಾದ್ರೂ ದೊಡ್ಡವರು ನಿಂತ್ಕೋಬೇಕು."

"ನಾನು ನಿಂತ್ಕತೀನಿ."

ಮರುದಿನದಿಂದಲೇ ನಿಂತರು. ರಜೆಯಲ್ಲಿದ್ದ ನಾನೂ ಸೇರಿಕೊಂಡೆ. ನಾವು ಮಕ್ಕಳಿಗೆ ಹೇಳುತ್ತಿದ್ದುದು ಇಷ್ಟೇ: ಇಳಿದು ಟಾರು ಬಿಟ್ಟು ಪಕ್ಕದ ಮಣ್ಣಿನ ಮೇಲೆ ನಿಲ್ಲಿ, ಬಸ್ಸು ಮುಂದೆ ಹೋಗಲಿ, ಎರಡೂ ಕಡೆ ನೋಡಿ ಒಟ್ಟಿಗೆ ದಾಟೋಣ. ಮೊದಮೊದಲು ನಕ್ಕರು. ಹೈಸ್ಕೂಲಿನ ಹುಡುಗಿಯೊಬ್ಬಳು, "ನಾವೇನು ಅಂಗನವಾಡಿ ಮಕ್ಳಾ ಅತ್ತೆ?" ಎಂದಳು.

"ಅಲ್ಲ ಕಣೇ. ಆದ್ರೂ ನಿಂತ್ಕೋ" ಎಂದರು ಇವರು. ಅವಳು ನಿಂತಳು.

ಬಸ್ಸು ನಿಲ್ಲುತ್ತಿದ್ದದ್ದು ತಿರುವಿನಲ್ಲಿ. ಸ್ವಲ್ಪ ಮುಂದೆ, ರಸ್ತೆ ನೇರವಾಗಿ ಕಾಣುವಲ್ಲಿ ನಿಲ್ಲಿಸಿ ಎಂದು ಡ್ರೈವರನ್ನು ಕೇಳಿಕೊಂಡೆವು. ಅವರು ಒಪ್ಪಿದರು. ನಡೆಯಬೇಕಲ್ಲ ಎಂದು ವಯಸ್ಸಾದವರು ಕೆಲವರು ಗೊಣಗಿದರು.

ಗ್ರಾಮಸಭೆಯಲ್ಲಿ ನಾನು ಹಂಪ್ ಕೇಳಿದೆ. ಅದಕ್ಕೆ ಮೇಲಿನಿಂದ ಒಪ್ಪಿಗೆ ಬರಬೇಕು, ಬರೆದು ಕಳಿಸುತ್ತೇವೆ ಎಂದರು. ವಯಸ್ಸಾಗದ ಹುಡುಗರಿಗೆ ಬೈಕ್ ಕೊಡುವುದನ್ನು ನಿಲ್ಲಿಸಬೇಕು ಎಂದಾಗ ಮಾತ್ರ ಸಭೆಯಲ್ಲಿ ಗದ್ದಲವಾಯಿತು.

"ತೋಟಕ್ಕೆ, ಡೈರಿಗೆ ಯಾರು ಹೋಗ್ತಾರೆ ಮೇಡಂ? ಹುಡುಗ್ರು ತಾನೇ ಹೋಗ್ಬೇಕು" ಎಂದರು ಒಬ್ಬರು.

ಹಿಂದೆ ಹೆಂಗಸರ ನಡುವೆ ಕೂತಿದ್ದ ಹುಡುಗನ ತಾಯಿ ಎದ್ದು ನಿಂತರು.

"ಗುದ್ದಿದ್ದು ನನ್ನ ಮಗ. ಎಲ್ರಿಗೂ ಗೊತ್ತೈತೆ, ನನ್ನೆದುರಿಗೆ ಯಾರೂ ಅನ್ನಲ್ಲ. ಕೀ ಕೊಟ್ಟೋರು ನಾವೇ. ಆ ಮಗು ಹೋಗ್ಬಿಟ್ಟಿದ್ರೆ ಇವರು ಹೆಂಗೆ ಬದುಕ್ತಿದ್ರು? ನನ್ನ ಮಗ ಹೆಂಗೆ ಬದುಕ್ತಿದ್ದ? ಡೈರಿಗೆ ನೀವೇ ಹೋಗಿ."

ಮುಂದಿನ ಸಾಲಿನಲ್ಲಿದ್ದ ಅವರ ಗಂಡ ಎದ್ದು ಹೊರಗೆ ಹೋದರು. ಇವರು ಸಭೆ ಮುಗಿಯುವವರೆಗೂ ಕೂತಿದ್ದರು. ಎಷ್ಟೋ ದಿನ ಗಂಡ ಇವರೊಡನೆ ಮಾತಾಡಲಿಲ್ಲವಂತೆ. "ಊಟ ಮಾತ್ರ ಬಿಟ್ಟಿರಲಿಲ್ಲ" ಎಂದು ಆಮೇಲೆ ಹೇಳಿದರು.

ಹಂಪ್ ಬರಲಿಲ್ಲ. ಮಳೆಗಾಲ ಕಳೆದ ಮೇಲೆ ರಸ್ತೆಗೆ ಅಡ್ಡಲಾಗಿ ದಪ್ಪನೆಯ ಬಿಳಿ ಪಟ್ಟೆಗಳನ್ನು ಹಾಕಿ, ಮಕ್ಕಳು ದಾಟುವ ಜಾಗವೆಂದು ಬೋರ್ಡ್ ನೆಟ್ಟರು. ವಯಸ್ಸಾಗದ ಮಗನಿಗೆ ಬೈಕ್ ಕೊಟ್ಟದ್ದಕ್ಕೆ ಕೋರ್ಟಿನಲ್ಲಿ ಹುಡುಗನ ತಂದೆಗೆ ದಂಡವಾಯಿತು. ಊರಿನ ಕೆಲವು ಮನೆಗಳಲ್ಲಿ ಬೈಕಿನ ಕೀ ಬೀರು ಸೇರಿತು, ಕೆಲವು ಮನೆಗಳಲ್ಲಿ ಇನ್ನೂ ಸೇರಿಲ್ಲ.

ಮಗಳು ವಾಕರ್ ಬಿಟ್ಟು ನಡೆದಳು, ಶಾಲೆಗೆ ಹೋದಳು. ಆದರೆ ರಸ್ತೆ ದಾಟಲು ಹೆದರುತ್ತಿದ್ದಳು. ನಾನೇ ಕಚೇರಿಯಿಂದ ಬೇಗ ಹೊರಟು ಜೊತೆಯಲ್ಲಿ ಕರೆತರುತ್ತಿದ್ದೆ. ನನ್ನ ಕೈ ಹಿಡಿದೇ ದಾಟುತ್ತಿದ್ದಳು. ಒಂದು ದಿನ ಕೆಲಸ ಮುಗಿಯದೆ ನನಗೆ ಬಸ್ಸು ತಪ್ಪಿತು. ಮುಂದಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಲೇ ಬಂದೆ. ಮನೆ ಸೇರಿದಾಗ ಅವಳು ಮಂಡಕ್ಕಿ ತಿನ್ನುತ್ತ ಕೂತಿದ್ದಳು.

"ಹೇಗೆ ದಾಟಿದೆ?"

"ಆಂಟಿ ಜೊತೆ. ಬಸ್ಸು ಹೋಗೋ ತನಕ ನಿಂತಿದ್ವಿ. ಆಂಟಿ ಎರಡೆರಡು ಸಲ ಎರಡೂ ಕಡೆ ನೋಡಿದ್ರಮ್ಮ."

ಈಗ ಅವಳು ಹೈಸ್ಕೂಲಿನಲ್ಲಿದ್ದಾಳೆ. ಚಳಿಗಾಲದಲ್ಲಿ ಕಾಲು ನೋಯುತ್ತದೆ ಎನ್ನುತ್ತಾಳೆ, ಆದರೂ ಖೋಖೋ ಬಿಟ್ಟಿಲ್ಲ. ಬಸ್ಸಿನ ಹೊತ್ತಿಗೆ ನಿಲ್ಲಲು ಈಗ ಬೇರೆ ತಾಯಂದಿರೂ ಸರದಿಯಂತೆ ಬರುತ್ತಾರೆ. ಆ ಹುಡುಗ ಹದಿನೆಂಟು ತುಂಬಿದ ಮೇಲೆ ಲೈಸೆನ್ಸ್ ಮಾಡಿಸಿಕೊಂಡ. ಒಂದು ಭಾನುವಾರ ಹೆಲ್ಮೆಟ್ ಕೈಯಲ್ಲಿ ಹಿಡಿದು ನಮ್ಮ ಮನೆಯ ಮುಂದೆ ನಿಂತಿದ್ದ. ಒಳಗೆ ಬರಲೋ ಬೇಡವೋ ಎಂಬಂತಿದ್ದ.

"ಕಾಲು ಹೆಂಗೈತೆ ಅಂತ ಕೇಳಣ ಅಂತ ಬಂದೆ" ಎಂದ.

ಜಗಲಿಯ ಮೇಲೆ ಪೇಪರ್ ಓದುತ್ತಿದ್ದ ನನ್ನ ಗಂಡ ತಲೆಯೆತ್ತಿ ಅವನನ್ನು ನೋಡಿ ಪೇಪರ್ ಮಡಚಿದರು. "ಒಳಗಿದಾಳೆ. ಹೋಗಿ ಕೇಳು" ಎಂದು ಸರಿದು ದಾರಿ ಬಿಟ್ಟರು.