ಹಾಲು ಉಕ್ಕಿದ ಸ್ಟಾಲು

ಬಳ್ಳಾರಿಯಲ್ಲಿ ಮನೆ ಕಟ್ಟುವ ಮೇಸ್ತ್ರಿಗಳು ಬೇಕಾದಷ್ಟು ಜನ ಇದ್ದರು. ಆದರೆ ಇವತ್ತು ಕಟ್ಟಿ, ಪ್ರದರ್ಶನ ಮುಗಿದ ಮೇಲೆ ಬಿಚ್ಚಿ, ಬಂಡಿಯ ಮೇಲೆ ಹೇರಿಕೊಂಡು ಹೋಗುವಂಥ ಮನೆ ಬೇಕೆಂದರೆ ಕೌಲ್ ಬಜಾರಿನ ಉಚ್ಚೆಂಗೆಪ್ಪನೇ ಆಗಬೇಕು. ಕುರುಗೋಡಿನಿಂದ ಬಂದು ಶಾಮಿಯಾನದ ಅಂಗಡಿಯಲ್ಲಿ ಗೂಟ ಹೊಡೆಯುತ್ತ ಬೆಳೆದವನು, ಎಪ್ಪತ್ತರ ದಶಕದ ಹೊತ್ತಿಗೆ ವಸ್ತುಪ್ರದರ್ಶನದ ಸ್ಟಾಲುಗಳಿಗೆಲ್ಲ ಅವನೇ ಗತಿ ಎನ್ನುವಂತಾಗಿದ್ದ. ಬೊಂಬು, ಗೋಣಿತಟ್ಟು, ಸುಣ್ಣ, ಒಂದಿಷ್ಟು ನೀಲಿ ಕೊಟ್ಟರೆ ಅರಮನೆ ಎಬ್ಬಿಸುತ್ತಿದ್ದ. ಗಾಳಿ ಬೀಸಿದರೆ ಅರಮನೆ ತೊನೆಯುತ್ತಿತ್ತು, ಆ ಮಾತು ಬೇರೆ.

ಅವನಿಗೆ ತನ್ನದೇ ಸಿದ್ಧಾಂತವೊಂದಿತ್ತು. "ಗ್ವಾಡಿ ಯಾರೂ ನೋಡಂಗಿಲ್ರಿ. ಬಿಸಲಾಗ ಬಂದ ಮನಷ್ಯಾ ಮೊದಲು ನೆಳ್ಳು ನೋಡ್ತಾನ, ಆಮ್ಯಾಲ ಕುಂದ್ರಾಕ ಜಾಗ, ಆಮ್ಯಾಲ ನಿಮ್ಮ ಸಾಮಾನು." ಸಿರುಗುಪ್ಪದಲ್ಲಿ ಒಬ್ಬ ಬೀಜದ ವ್ಯಾಪಾರಿಗೆ ಹೀಗೇ ತಂಪಾದ ಸ್ಟಾಲು ಮಾಡಿಕೊಟ್ಟ. ರೈತರು ಬಂದರು, ಬೀಜದ ಚೀಲವನ್ನೇ ತಲೆದಿಂಬು ಮಾಡಿಕೊಂಡು ಮಲಗಿದರು, ಸಂಜೆ ಎದ್ದು ಹೋದರು. ವ್ಯಾಪಾರಿ ಬಾಯಿಗೆ ಬಂದಂತೆ ಬೈದ. ಉಚ್ಚೆಂಗೆಪ್ಪ ಮಾತ್ರ ಅದನ್ನು ತನ್ನ ದೊಡ್ಡ ಗೆಲುವೆಂದೇ ಹೇಳಿಕೊಂಡು ತಿರುಗಿದ.

ಈ ಗೆಲುವುಗಳಿಗೆ ಮರುಳಾಗದವಳು ಹೆಂಡತಿ ಕೊಟ್ರಮ್ಮ. ಕುರುಗೋಡಿನಲ್ಲಿ ಅವರದೊಂದು ಜಾಗವಿತ್ತು, ಅದರಲ್ಲಿ ಜಾಲಿ ಬೆಳೆದಿತ್ತು. ಪ್ರತಿ ವರ್ಷ ಇವನು "ಬರೋ ವರ್ಷ ಕಟ್ಟಾಣ" ಅನ್ನುವುದು, ಜಾಲಿ ಇನ್ನೊಂದು ಮೊಳ ಏಳುವುದು. "ಊರ ಮಂದಿಗೆಲ್ಲ ಮನಿ ಕಟ್ಟತಾರ, ಕಟಕೊಂಡಾಕಿಗೆ ಬಾಡಿಗಿ ಮನಿ" ಎಂದು ಅವಳು ಓಣಿಗೆಲ್ಲ ಕೇಳುವಂತೆ ಅನ್ನುತ್ತಿದ್ದಳು. ಗಂಡನ ಒಂದು ಸ್ಟಾಲಿಗೂ ಕಾಲಿಟ್ಟವಳಲ್ಲ.

ಹೀಗಿರುವಾಗ ಒಂದು ವರ್ಷ ಬಳ್ಳಾರಿಯ ಪ್ರದರ್ಶನಕ್ಕೆ ಒಂದು ಇಲಾಖೆಯವರು 'ಮಾದರಿ ಮನೆ' ಬೇಕೆಂದರು. ಉಚ್ಚೆಂಗೆಪ್ಪ ಜೀವ ಸುರಿದು ಕಟ್ಟಿದ. ಪಡಸಾಲೆ, ಅಡಿಗೆಮನೆ, ಹೊಗೆ ಹೋಗಲು ಗವಾಕ್ಷಿ. ಎಲ್ಲ ಗೋಣಿತಟ್ಟಿನದೇ. ಆದರೆ ಬೊಂಬಿಗೆ ಕದ ನಿಲ್ಲಲಿಲ್ಲವೆಂದು ಬಾಗಿಲ ಚೌಕಟ್ಟೊಂದನ್ನು ಮಾತ್ರ ಹೊಸ್ತಿಲು ಸಮೇತ ಗಟ್ಟಿ ಬೇವಿನ ಮರದಲ್ಲಿ ಮಾಡಿಸಿದ.

ಮೊದಲ ದಿನ ಜನ ಜಾತ್ರೆಯಂತೆ ಸೇರಿದರು. ಹೊರಗೆ ನಿಂತು ಇಣುಕಿದರು, ಹೋದರು. ಒಳಗೆ ಒಬ್ಬರೂ ಬರಲಿಲ್ಲ. ಇಲಾಖೆಯ ಅಧಿಕಾರಿ ವಿರೂಪಾಕ್ಷಪ್ಪನವರಿಗೆ ಬೆವರು. "ನಾಳೆ ದೊಡ್ಡ ಸಾಹೇಬರು ಬರ್ತಾರ. ಒಳಗ ಒಂದು ನರಪಿಳ್ಳೆ ಇಲ್ಲಲ್ಲಪ್ಪಾ!"

ಉಚ್ಚೆಂಗೆಪ್ಪ ಹೊರಗೆ ನಿಂತಿದ್ದ ಹಚ್ಚೊಳ್ಳಿಯ ಮುದುಕಿಯೊಬ್ಬಳನ್ನು ಕೇಳಿದ. "ಒಳಗ ಬಾ ಬೇ, ಯಾಕ ನಿಂತಿ?"

"ಹೆಂಗ ಬರಾದಪ್ಪಾ? ಹೊಸ್ತಿಲ ಪೂಜಿ ಆಗಿಲ್ಲ, ಹಾಲು ಉಕ್ಕಿಲ್ಲ."

"ಇದು ಬರೇ ಗೋಣಿತಟ್ಟಿನ ಮನಿ ಬೇ!"

"ಗ್ವಾಡಿ ಗೋಣಿತಟ್ಟಿಂದಿರಬೌದು. ಹೊಸ್ತಿಲು ಬೇವಿಂದೈತೆಲ್ಲ!"

ಉಚ್ಚೆಂಗೆಪ್ಪ ಹೋಗಿ ಈ ಮಾತನ್ನು ವಿರೂಪಾಕ್ಷಪ್ಪನವರಿಗೆ ಮುಟ್ಟಿಸಿದ. "ಹಂಗಾದ್ರ ಉಕ್ಕಸ್ರಪ್ಪಾ ಹಾಲು!" ಎಂದು ಅವರು ಕೂಗಿದರು. ಹಾಲು ಉಕ್ಕಿಸಲು ಮುತ್ತೈದೆ ಬೇಕು. ಅಷ್ಟು ಅವಸರದಲ್ಲಿ ಸಿಗುವವಳು ಕೊಟ್ರಮ್ಮ ಒಬ್ಬಳೇ. ಗಂಡ ಕೈಕೈ ಮುಗಿದ ಮೇಲೆ ಅವಳು ಮದುವೆಯ ಸೀರೆ ಉಟ್ಟು ಬಂದಳು. ಹೊಸ್ತಿಲಿಗೆ ಅರಿಷಿಣ ಕುಂಕುಮ ಹಚ್ಚಿ, ಮಾದರಿ ಒಲೆಯ ಮೇಲೆ ನಿಜವಾದ ಹಾಲು ಇಟ್ಟಳು. ಹಾಲು ಪೂರ್ವಕ್ಕೆ ಉಕ್ಕಿತು.

ಉಕ್ಕಿದ್ದೇ ತಡ, ಜನ ನುಗ್ಗಿದರು. ಹೆಂಗಸರು ಕೊಟ್ರಮ್ಮನಿಗೆ ಉಡಿ ತುಂಬಿ, ಪಡಸಾಲೆಯಲ್ಲಿ ಸಾಲಾಗಿ ಕುಳಿತರು. ಏಕೆ ಏಳುತ್ತಿಲ್ಲವೆಂದರೆ, ಊಟಕ್ಕೆ! ಹಾಲು ಉಕ್ಕಿದ ಮನೆಯಿಂದ ಉಪವಾಸ ಹೋಗುವುದುಂಟೇ? ವಿರೂಪಾಕ್ಷಪ್ಪನವರು ಹಣೆ ಚಚ್ಚಿಕೊಂಡು ಎಲ್ಲರಿಗೂ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ತರಿಸಿದರು. ಮರುದಿನ ಕಿಕ್ಕಿರಿದ ಮನೆ ಕಂಡು ದೊಡ್ಡ ಸಾಹೇಬರು ಅವರ ಬೆನ್ನು ತಟ್ಟಿದರಂತೆ.

ಪ್ರದರ್ಶನ ಮುಗಿಯಿತು. ಉಚ್ಚೆಂಗೆಪ್ಪ ಸುತ್ತಿಗೆ ಹಿಡಿದು ಬಂದರೆ ಪಡಸಾಲೆಯಲ್ಲಿ ಕೊಟ್ರಮ್ಮ ಕುಳಿತಿದ್ದಾಳೆ.

"ಹಾಲು ಉಕ್ಕಿಸಿದಾಕಿ ನಾನು. ಇದು ನನ್ನ ಮನಿ. ಬಿಚ್ಚಬ್ಯಾಡ್ರಿ."

"ಅಮ್ಮಾ, ಇದು ಸರ್ಕಾರದ್ದು" ಎಂದರು ಅಧಿಕಾರಿಗಳು.

"ಹಂಗಾದ್ರ ಸರ್ಕಾರದ ಹೆಂಡ್ತಿ ಬಂದು ಉಕ್ಕಸಬೇಕಿತ್ತು."

ವಿರೂಪಾಕ್ಷಪ್ಪನವರು ನಕ್ಕರು. ಉಚ್ಚೆಂಗೆಪ್ಪನೂ ನಗಲು ಹೋದ. ಅಷ್ಟರಲ್ಲಿ ಹೆಂಡತಿಯ ಕಣ್ಣು ನೋಡಿದ. ಅವಳು ತಮಾಷೆ ಮಾಡುತ್ತಿರಲಿಲ್ಲ. ಎಷ್ಟೋ ಮನೆಗಳನ್ನು ಎಗ್ಗಿಲ್ಲದೆ ಬಿಚ್ಚಿದವನಿಗೆ ನಾಚಿಕೆಯಾಯಿತು. ಸುತ್ತಿಗೆ ಕೆಳಗಿಟ್ಟು, "ಸಾಹೇಬ್ರ, ಗೋಣಿತಟ್ಟು ನೀವು ಇಟಕೊಳ್ರಿ. ಬಾಗಿಲೊಂದು ನಮಗ ಬಿಡ್ರಿ" ಎಂದ. ಮಿರ್ಚಿಯ ಖರ್ಚನ್ನೇ ಜೀರ್ಣಿಸಿಕೊಂಡಿದ್ದ ಅಧಿಕಾರಿಗಳು ಬಾಗಿಲಿಗೆ ಬೇಡವೆನ್ನಲಿಲ್ಲ.

ಆ ವಾರವೇ ಕುರುಗೋಡಿನ ಜಾಗದಲ್ಲಿ ಜಾಲಿ ಕಡಿಸಿ, ಪೂಜೆ ಮಾಡಿ ಚೌಕಟ್ಟು ನಿಲ್ಲಿಸಿದರು. ಸುತ್ತ ಬಟಾಬಯಲು, ನಡುವೆ ಒಂದು ಬಾಗಿಲು. ಅಲ್ಲಿನ ಓಣಿಯವರು ಕಟ್ಟೆಯ ಮೇಲೆ ಕುಳಿತು ಬಿದ್ದುಬಿದ್ದು ನಕ್ಕರು. ಪಾಯದ ಅಳತೆ ಹಾಕಲು ಉಚ್ಚೆಂಗೆಪ್ಪ ದಾರ ಹಿಡಿದುಕೊಂಡು ಪಕ್ಕದಿಂದ ಬಂದ. ಬಾಗಿಲ ಒಳಬದಿಗೆ ನಿಂತಿದ್ದ ಕೊಟ್ರಮ್ಮ ಗದರಿದಳು:

"ಅಯ್ಯ, ಎಲ್ಲಿಂದ ಬರಾಕತ್ತೀರಿ? ಅಲ್ಲಿ ಗ್ವಾಡಿ ಐತಿ!"

ಉಚ್ಚೆಂಗೆಪ್ಪ ತಟ್ಟನೆ ನಿಂತ. ಹಿಂದಕ್ಕೆ ಹೋಗಿ, ಸುತ್ತು ಹಾಕಿ, ಬಾಗಿಲ ಮುಂದೆ ಚಪ್ಪಲಿ ಬಿಟ್ಟು, ಬಲಗಾಲಿಟ್ಟು ಒಳಗೆ ಬಂದ.