ನಲವತ್ತು ಗುಂಡಿಗಳ ನ್ಯಾಯ

ನಮ್ಮ ಭಾವ ವೃತ್ತಿಯಲ್ಲಿ ಟೈಲರ್, ಚಟದಲ್ಲಿ ಪ್ರಾಮಾಣಿಕರು. ಅಕ್ಕನ ಗಂಡ ಅಂತ ಹೊಗಳುತ್ತಿಲ್ಲ. ಪ್ಯಾಂಟು ಹೊಲಿದು ಉಳಿದ ಬಟ್ಟೆಯನ್ನು, ಅಂಗೈಯಗಲದ ಚೂರಾದರೂ ಸರಿ, ಗಂಟು ಕಟ್ಟಿ ಗಿರಾಕಿಗೆ ವಾಪಸು ಕೊಡುತ್ತಿದ್ದರು. ಗಿರಾಕಿ ಅದನ್ನು ಬೀದಿಯ ತಿರುವಿನಲ್ಲಿ ಎಸೆದು ಹೋಗುತ್ತಿದ್ದ. ನನ್ನ ಮದುವೆಗೆಂದು ಅಕ್ಕ ಹೊಲಿಯಲು ಕೊಟ್ಟ ಬಟ್ಟೆಯನ್ನು ಗಿರಾಕಿಗಳ ಸರದಿಯಲ್ಲೇ ಇಟ್ಟು, ಮದುವೆ ಮುಗಿದ ನಾಲ್ಕನೇ ದಿನ ಹೊಲಿದುಕೊಟ್ಟರು. ಅಕ್ಕ ಹಳೆಯ ಬಟ್ಟೆಯಲ್ಲೇ ಬಂದು ಫೋಟೋದಲ್ಲಿ ಹಿಂದಿನ ಸಾಲು ಹಿಡಿದಳು. ಇಂಥವರ ಜೊತೆ ಬಾಳುವುದು ಕಷ್ಟ, ಇವರನ್ನು ಬೈಯುವುದು ಇನ್ನೂ ಕಷ್ಟ.

ಇಂಥ ಮನುಷ್ಯ ಸಿಕ್ಕರೆ ಊರು ಬಿಟ್ಟೀತೇ? ಕಾರು ಓಟದಲ್ಲಿ ಜಾಗ ಹಂಚುವ ಕೆಲಸವನ್ನು ತಂದು ಅವರ ಕೈಗೇ ಕೊಟ್ಟಿತು.

ಇಟ್ಟಿಗೆ ಗೂಡಿನವರು ಮಣ್ಣು ತೆಗೆದು ತೆಗೆದು ತಗ್ಗಾದ ಜಾಗದಲ್ಲಿ ನಮ್ಮೂರಿನ ಓಟ ನಡೆಯುತ್ತದೆ. ಗಾಜು ಕಿತ್ತ, ಒಳಗೆ ಕಬ್ಬಿಣದ ಪೈಪು ಬೆಸೆದ ಹಳೆಯ ಕಾರುಗಳು ಭಾನುವಾರ ಮಧ್ಯಾಹ್ನ ಅಲ್ಲಿ ಸುತ್ತು ಹಾಕುತ್ತವೆ. ಮುಂದೆ ನಿಂತು ಹೊರಟವನಿಗೆ ದಾರಿ ಕಾಣುತ್ತದೆ. ಹಿಂದಿನವನಿಗೆ ಮುಂದಿನವನ ಧೂಳು ಕಾಣುತ್ತದೆ. ಹಾಗಾಗಿ ಯಾರು ಎಲ್ಲಿ ನಿಲ್ಲಬೇಕು ಎನ್ನುವುದಕ್ಕೇ ಅರ್ಧ ಜಗಳ. ಆ ಜಗಳ ತಪ್ಪಿಸಲೆಂದು ಭಾವ ನಲವತ್ತು ಕೋಟಿನ ಗುಂಡಿಗಳ ಮೇಲೆ ಒಂದರಿಂದ ನಲವತ್ತರವರೆಗೆ ಅಂಕಿ ಬರೆದು, ದಪ್ಪ ಬಟ್ಟೆಯ ಚೀಲಕ್ಕೆ ಹಾಕಿದ್ದರು. ಒಂದೇ ಕೈ ಹೋಗುವಷ್ಟು ಕಿರಿದು ಬಾಯಿ. ಚಾಲಕ ಕೈ ಹಾಕಿ ಒಂದು ಗುಂಡಿ ತೆಗೆಯುತ್ತಾನೆ, ಸಣ್ಣ ಅಂಕಿ ಬಂದರೆ ಮುಂದೆ, ದೊಡ್ಡದು ಬಂದರೆ ಹಿಂದೆ. ಭಾವ ಅಂಕಿ ಕೂಗುತ್ತಾರೆ, ಬೋರ್ಡು ಬರೆಯುವ ಪೇಂಟರ್ ಆದ ನಾನು ಪಕ್ಕದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತೇನೆ.

ಹತ್ತೊಂಬತ್ತು ವರ್ಷ ಹೀಗೆ ನಡೆಯಿತು. ಚೀಲದ ಎದುರು ನಿಂತಾಗ ಎಂಥ ಗಂಡೆದೆಯವನೂ ಮಗುವಾಗುತ್ತಿದ್ದ. ಒಬ್ಬ ಎಡಗೈ ಹಾಕುತ್ತಿದ್ದ, ಒಬ್ಬ ಕೈ ತೊಳೆದು ಬರುತ್ತಿದ್ದ. ಕ್ರೇನ್ ಮಾಲೀಕನಂತೂ ತನ್ನ ಅತ್ತೆಯನ್ನೇ ಕರೆತಂದು ಗುಂಡಿ ತೆಗೆಸುತ್ತಿದ್ದ. ಮನೆಯಲ್ಲಿ ಒಳ್ಳೆಯದೆಲ್ಲ ಆಕೆಯ ಕೈಗೇ ಹೋಗುತ್ತದೆ ಎಂಬುದು ಅವನ ಅನುಭವ. ಯಾರಿಗೆ ಎಂಥ ಅಂಕಿ ಬಂದರೂ ಭಾವನ ಮೇಲೆ ಯಾರೂ ಬೆರಳು ತೋರಿಸಲಿಲ್ಲ. ಗುಂಡಿಗಳು ಮುಗಿದ ಕೂಡಲೇ ಅವರು ಚೀಲ ಮಡಚಿ ಅಂಗಡಿಗೆ ಹೋಗಿ ಹೊಲಿಯಲು ಕೂರುತ್ತಿದ್ದರು. ಓಟ ನೋಡಿದರೆ ಯಾರ ಮೇಲಾದರೂ ಅಭಿಮಾನ ಹುಟ್ಟಬಹುದಂತೆ.

ಕಳೆದ ವರ್ಷ ಎರಡು ಸಂಗತಿ ಒಟ್ಟಿಗೆ ಆದವು. ಮೊದಲನೆಯದು ಹೊಸ ನಿಯಮ. ಅಂಕಪಟ್ಟಿ ನೋಡಿಕೊಳ್ಳುವ ಗಣಿತದ ಮೇಷ್ಟ್ರು, ಚೀಲದ ಅದೃಷ್ಟವೊಂದೇ ಸಾಲದು ಎಂದು ಸಭೆಯಲ್ಲಿ ಮಾತು ತೆಗೆದರು. ಭಾವನಿಗೆ ಅಷ್ಟೇ ಸಾಕಾಯಿತು. ಚೀಲಕ್ಕೆ ಅಂದದ್ದು ತಮಗೇ ಅಂದಂತೆ ಎಂದು ಎದ್ದು ಹೊರಟುಬಿಟ್ಟರು. ಅವರು ಹೋದ ಮೇಲೆ ಮೇಷ್ಟ್ರು ಮಾತು ಮುಗಿಸಿದರು: ಪ್ರತಿ ಭಾನುವಾರ ಮೊದಲು ನಡೆಯುವ ಎಂಟೆಂಟು ಕಾರಿನ ಸಣ್ಣ ಓಟದಲ್ಲಿ ಹಿಂದೆ ನಿಂತವನು ದಾಟುವ ಒಂದೊಂದು ಕಾರಿಗೂ ಹೆಚ್ಚಿನ ಅಂಕ, ಆ ಅಂಕದ ಮೇಲೆ ಆ ದಿನದ ದೊಡ್ಡ ಓಟದ ಸಾಲು, ವರ್ಷದ ಪಟ್ಟಿಗೂ ಅದೇ ಅಂಕ. ಅಂದರೆ ಮೊದಲನೆಯವನಾಗಿ ಹೊರಟು ಮೊದಲನೆಯವನಾಗಿ ಬಂದವನಿಗಿಂತ, ಎಂಟನೆಯವನಾಗಿ ಹೊರಟು ಮೂರನೆಯವನಾಗಿ ಬಂದವನಿಗೆ ಲಾಭ. ಇದು ಇಡೀ ಊರಿಗೆ ಗೊತ್ತಾಯಿತು. ಭಾವನಿಗೆ ಗೊತ್ತಿಲ್ಲ ಎನ್ನುವುದು ಮಾತ್ರ ಯಾರಿಗೂ ಗೊತ್ತಾಗಲಿಲ್ಲ.

ಎರಡನೆಯದು, ಅವರ ಮಗಳು ಓಟಕ್ಕೆ ಇಳಿದದ್ದು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಅವಳು, ಕಾರನ್ನು ತಾನೇ ಗುಜರಿಯಿಂದ ಎತ್ತಿ ತಂದಿದ್ದಳು. ಮೊದಲ ಭಾನುವಾರ ಅವಳ ಕೈಗೆ ಬಂದದ್ದು ಎರಡನೇ ಅಂಕಿ. ಹಿಂದಿನಿಂದ ಯಾರೋ, ಹಳೆಯ ರೂಢಿಯಲ್ಲೇ, "ಅಪ್ಪನ ಚೀಲ, ಮಗಳ ಕೈ" ಅಂದು ಕೆಮ್ಮಿದರು. ನಾಲ್ಕು ಜನ ನಕ್ಕರು. ಭಾವನ ಮುಖ ಬಿಳಿಚಿತು. ಆ ವಾರವಿಡೀ ಅವರು ತಟ್ಟೆಯ ಮುಂದೆ ಕೂತು ಎದ್ದರು ಅಷ್ಟೇ, ಉಂಡಿದ್ದು ಕಡಿಮೆ ಎಂದು ಅಕ್ಕ ಹೇಳಿದಳು.

ಮುಂದಿನ ಭಾನುವಾರ ಅವರು ಹೊಸದೊಂದು ಕಟ್ಟಳೆ ಮಾಡಿದರು. ಮಗಳು ಎಲ್ಲರಿಗಿಂತ ಮೊದಲು ಗುಂಡಿ ತೆಗೆಯಬೇಕು. ಒಳ್ಳೆಯ ಅಂಕಿಯನ್ನು ಅವಳಿಗಾಗಿ ಉಳಿಸಿದರು ಅಂತ ಯಾರೂ ಅನ್ನಬಾರದು. ಎಷ್ಟು ದೊಡ್ಡ ಮನಸ್ಸು ಅಂತ ಎಲ್ಲರೂ ತಲೆದೂಗಿದರು. ಅವಳಿಗೆ ಮೂವತ್ತಮೂರು ಬಂತು. ಅದರ ಮುಂದಿನ ವಾರ ಇಪ್ಪತ್ತೊಂಬತ್ತು, ಆಮೇಲೆ ಮೂವತ್ತೆಂಟು. ಹೊಸ ಲೆಕ್ಕ ಇನ್ನೂ ಮೈಗೂಡದ ಊರು ಅಯ್ಯೋ ಪಾಪ ಅಂದಿತು. ಭಾವ ಎದೆ ಉಬ್ಬಿಸಿ ಅಂಕಿ ಕೂಗುತ್ತಿದ್ದರು. ಮಗಳು ಮಾತ್ರ ಹಿಂದಿನ ಸಾಲಿನಿಂದ ಹೊರಟು, ಧೂಳು ಕುಡಿದು, ಬಾಗಿಲು ನಗ್ಗಿಸಿಕೊಂಡು, ವಾರ ವಾರವೂ ನಾಲ್ಕೈದು ಕಾರು ದಾಟುತ್ತಿದ್ದಳು. ವರ್ಷದ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಬಂದಳು. ಇನ್ನೊಂದೇ ಓಟ ಉಳಿದಿತ್ತು. ಅದು ಮುಗಿದರೆ ವರ್ಷದ ಬಹುಮಾನದ ಕಪ್ಪು ಅವಳದೇ.

ಆ ಕೊನೆಯ ಓಟದ ಬೆಳಿಗ್ಗೆ ಟಿಕೆಟ್ ಶೆಡ್ಡಿನಲ್ಲಿ ಸಭೆ ಕರೆದರು. ತಗಡಿನ ಕೆಳಗೆ ಐದು ಕುರ್ಚಿ, ಒಂದರ ಕಾಲಿಗೆ ಇಟ್ಟಿಗೆ ಚೂರು. ನಡುವೆ ಇಟ್ಟಿಗೆ ಗೂಡಿನ ಮಾಲೀಕರು, ಓಟದ ಸಮಿತಿಗೆ ಅವರೇ ಅಧ್ಯಕ್ಷರು. ಪಟ್ಟಿಯಲ್ಲಿ ಎರಡನೆಯವನಾಗಿದ್ದ ಕ್ರೇನ್ ಮಾಲೀಕ ದೂರು ಕೊಟ್ಟಿದ್ದ. ಮೇಷ್ಟ್ರು ಕಾಗದ ಬಿಚ್ಚಿ ಓದಿದರು. ಮೊದಲ ಭಾನುವಾರ ಬಿಟ್ಟರೆ ಹನ್ನೊಂದು ಓಟ, ಹನ್ನೊಂದು ಸಲವೂ ಅವಳಿಗೆ ಇಪ್ಪತ್ತರ ಮೇಲಿನ ಅಂಕಿ. ತಾನಾಗಿ ಹೀಗಾಗುವುದು ಎರಡು ಸಾವಿರದ ನಲವತ್ತೆಂಟರಲ್ಲಿ ಒಂದು ಸಲ. ಹೊಸ ನಿಯಮದಲ್ಲಿ ಹಿಂದಿನ ಜಾಗವೇ ಲಾಭದ ಜಾಗ, ಅದು ಟೈಲರ್ ಮಗಳಿಗೇ ಯಾಕೆ ಬರುತ್ತಿದೆ?

ಭಾವ ನನ್ನ ಕಡೆ ನೋಡಿದರು. ಹಿಂದಿನದು ಲಾಭದ ಜಾಗ ಅಂದರೇನು ಅಂತ ಕೇಳಿದರು. ನಾನು ಪಿಸುಗುಟ್ಟಿ ವಿವರಿಸಿದೆ. ಅವರು ನಿಂತಲ್ಲೇ ಬೆವರಿದರು. ಹಾಗೆ ಬೆವರುವುದನ್ನು ಊರೆಲ್ಲ ನೋಡಿತು. ಕಳ್ಳನ ಬೆವರು ಅಂದುಕೊಂಡಿತು.

ಸುಮ್ಮನಿದ್ದಿದ್ದರೆ ಎರಡು ಸಾವಿರದ ನಲವತ್ತೆಂಟರಲ್ಲಿ ಒಂದು ಅಂತ ಹೇಗೋ ವಾದ ಮಾಡಬಹುದಿತ್ತು. ಆದರೆ ಅವರಿಗೆ ಸುಳ್ಳು ಹೇಳಲು ಬಾರದು, ಮಾಡಲು ಮಾತ್ರ ಬರುತ್ತದೆ ಎಂದು ನನಗೆ ಆವತ್ತು ತಿಳಿಯಿತು. ಕೋಟಿನ ತೋಳನ್ನು ತಿರುವಿ ತೋರಿಸಿದರು. ಒಳಗಡೆ ಸೊಗಸಾಗಿ ಹೊಲಿದ ಒಂದು ಜೇಬು. ಒಂದರಿಂದ ಇಪ್ಪತ್ತರವರೆಗಿನ ಗುಂಡಿಗಳು ಅದರಲ್ಲಿರುತ್ತಿದ್ದವಂತೆ. ಮಗಳು ತೆಗೆದಾದ ಮೇಲೆ, ಚೀಲ ಕಲಸುವ ನೆಪದಲ್ಲಿ ಕೈ ಹಾಕಿ, ಅವನ್ನೂ ಒಳಗೆ ಬಿಡುತ್ತಿದ್ದರಂತೆ. ಪಕ್ಕದಲ್ಲೇ ಕೂತಿದ್ದ ನನ್ನ ಕಣ್ಣಿಗೆ ಹನ್ನೊಂದು ವಾರವೂ ಇದು ಬೀಳಲಿಲ್ಲ. ಕೈಚಳಕದ ಮಟ್ಟಿಗೆ ಒಳ್ಳೆಯ ಟೈಲರ್.

"ಅವಳಿಗೆ ಸಹಾಯ ಆಗ್ಲಿ ಅಂತ ಮಾಡಿದ್ದಲ್ಲ," ಅಂದರು. "ಒಳ್ಳೇ ಜಾಗ ಸಿಗದೇ ಇರ್ಲಿ ಅಂತ ಮಾಡ್ದೆ."

ಶೆಡ್ಡಿನಲ್ಲಿ ನಗು ಎದ್ದಿತು. ಕ್ರೇನ್ ಮಾಲೀಕನ ಅತ್ತೆಯೂ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು.

ಅಧ್ಯಕ್ಷರು ನಗಲಿಲ್ಲ. "ಟೈಲರೇ, ಸ್ವಂತ ಮಗಳಿಗೆ ಕೇಡು ಮಾಡೋಕೆ ಕಳ್ಳತನ ಮಾಡೋ ಅಪ್ಪ ಯಾವ ಲೋಕದಲ್ಲಿದ್ದಾನೆ? ಸುಳ್ಳನ್ನಾದ್ರೂ ನಂಬೋ ಹಾಗೆ ಹೇಳಿ," ಅಂದರು.

ಹತ್ತೊಂಬತ್ತು ವರ್ಷ ಊರು ಅವರ ಮಾತನ್ನು ನಂಬಿತ್ತು. ಅವರು ಅತ್ಯಂತ ಕಷ್ಟಪಟ್ಟು ಆಡಿದ ನಿಜವನ್ನು ನಂಬಲಿಲ್ಲ. ಮಗಳ ವರ್ಷದ ಅಂಕವೆಲ್ಲ ರದ್ದಾಯಿತು, ಕಪ್ಪು ಕ್ರೇನ್ ಮಾಲೀಕನ ಮನೆಗೆ ಹೋಯಿತು, ಚೀಲ ಮೇಷ್ಟ್ರ ಕೈಗೆ ಹೋಯಿತು. ಆ ಶೆಡ್ಡಿನಲ್ಲಿ ಭಾವನನ್ನು ನಂಬಿದವಳು ಒಬ್ಬಳೇ. ಗೋಡೆಗೆ ಒರಗಿ ನಿಂತಿದ್ದ ಮಗಳು. ಅಪ್ಪನ ಜೊತೆ ಇಪ್ಪತ್ತಾರು ವರ್ಷ ಒಂದೇ ಮನೆಯಲ್ಲಿ ಇದ್ದವಳಿಗೆ ಅದನ್ನು ನಂಬುವುದು ಕಷ್ಟವೇ ಆಗಲಿಲ್ಲ.

ಅವಳು ಆ ದಿನದ ಓಟಕ್ಕೆ ನಿಲ್ಲಲಿಲ್ಲ. ಕಾರನ್ನು ಬಾಡಿಗೆ ಗಾಡಿಯ ಮೇಲೆ ಏರಿಸಲು ಹಲಗೆ ಜೋಡಿಸುತ್ತಿದ್ದಾಗ ಭಾವ ಹಿಂದೆ ಹೋಗಿ ನಿಂತರು, ನಾನೂ ಜೊತೆಗೆ ಹೋದೆ. ಕಪ್ಪು ಹೋದರೆ ಹೋಗಲಿ, ಮುಂದಿನ ವರ್ಷ ಗೆಲ್ಲಬಹುದು ಎಂದು ಏನೇನೋ ಹೇಳಿದರು. ತಾವು ಹೀಗೆ ಮಾಡಿದ್ದರೂ ಅವಳು ಗೆಲ್ಲುತ್ತಲೇ ಇದ್ದಳಲ್ಲ, ಹಾಗಾಗಿ ಅವಳಿಗೆ ನಷ್ಟವೇನೂ ಆಗಿಲ್ಲ ಅಂತಲೇ ತಾವು ತಿಳಿದಿದ್ದಾಗಿಯೂ ಅಂದರು.

ಅವಳು ಕೈಗೆ ಹತ್ತಿದ ಗ್ರೀಸನ್ನು ಒರೆಸಿಕೊಳ್ಳುತ್ತಾ ಮೆಲ್ಲಗೆ ಮಾತಾಡಿದಳು. "ಎರಡು ತಿಂಗಳ ಹಿಂದೆ ದೊಡ್ಡ ತಂಡದೋರು ಡಿಪೋಗೆ ಬಂದಿದ್ರು ಅಪ್ಪ. ನಮ್ಮ ಕಾರು ಓಡಿಸ್ತೀಯಾ, ಸಂಬಳ ಕೊಡ್ತೀವಿ ಅಂದ್ರು. ಅವರ ಟ್ರ್ಯಾಕಲ್ಲಿ ದಾಟಿದ್ದಕ್ಕೆ ಅಂಕ ಇಲ್ಲ, ಚೀಟೀಲಿ ಬಂದ ಜಾಗವೇ ಗತಿ. ನಾನು ಬರಲ್ಲ ಅಂದ್ಬಿಟ್ಟೆ."

ಯಾಕೆ ಅಂತ ಭಾವ ಕೇಳಿದರು. ನನಗೆ ಆಗಲೇ ಅರ್ಥವಾಗಿತ್ತು. ಅಲ್ಲಿಂದ ಹೊರಟುಹೋಗಬೇಕೆನಿಸಿತು.

"ನನ್ನ ಕೈಯೇ ಸರಿ ಇಲ್ಲ ಅಂತ," ಅಂದಳು. "ವಾರ ವಾರ ನೀನೇ ಎಲ್ರ ಮುಂದೆ ಕೂಗಿ ಹೇಳ್ತಿದ್ಯಲ್ಲ. ನಾನು ನಂಬಿದ್ದೆ."

ಈಗಲೇ ಹೋಗಿ ಆ ತಂಡದವರನ್ನು ಕೇಳೋಣವೇ ಎಂದು ನಾನೇ ಅಂದೆ. ಹೋದ ತಿಂಗಳೇ ಬೇರೆಯವರು ಸೇರಿದ್ದಾರೆ ಅಂದಳು. ಅವಳು ಸ್ಟಿಯರಿಂಗ್ ಹಿಡಿದು ಕಾರನ್ನು ಗಾಡಿಗೆ ಏರಿಸಿದಳು. ಕಟ್ಟಲು ಹಗ್ಗ ಎಸೆದು, ಇನ್ನೊಂದು ತುದಿ ಹಿಡಿಯುವಂತೆ ನನ್ನನ್ನು ಕರೆದಳು. ಭಾವ ಗಾಡಿಗೆ ನನಗಿಂತ ಹತ್ತಿರದಲ್ಲೇ ನಿಂತಿದ್ದರು.